ನಮ್ಮ ರೇಣುಕಾ ಚೆಂಡು ಎತ್ತಿಕೊಟ್ಟ ವರ್ಷ

ಹೋದ ತಿಂಗಳು ಕಣ್ಣು ತೋರಿಸಲು ಮಗ ನನ್ನನ್ನು ಬಾಗಲಕೋಟೆಗೆ ಕರೆದುಕೊಂಡು ಹೋಗಿದ್ದ. ದವಾಖಾನೆಯಲ್ಲಿ ಕಣ್ಣಿಗೆ ಔಷಧ ಬಿಟ್ಟಿದ್ದರಿಂದ ಹೊರಗೆ ಬಂದಾಗ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ರಸ್ತೆ, ಮಂದಿ, ರಿಕ್ಷಾ ಎಲ್ಲ ಒಂದರಲ್ಲೊಂದು ಕಲಸಿಕೊಂಡಿದ್ದವು. ಮಗನ ಕೈ ಹಿಡಿದು ನವನಗರದ ಒಂದು ಉದ್ದನೆಯ ಕಂಪೌಂಡಿನ ಪಕ್ಕ ನಡೆಯುತ್ತಿದ್ದೆ. ಒಮ್ಮೆಲೇ ಮೂಗಿಗೆ ಒಂದು ವಾಸನೆ ಬಂತು. ಒಣ ಮಣ್ಣಿಗೆ ನೀರು ಚಿಮುಕಿಸಿ, ಅದರ ಮೇಲೆ ಸುಣ್ಣದ ಪುಡಿಯಿಂದ ಗೆರೆ ಎಳೆದಾಗ ಬರುತ್ತದಲ್ಲ, ಆ ವಾಸನೆ. ನಿಂತುಬಿಟ್ಟೆ.

"ಯಾಕ ನಿಂತಿ, ಯವ್ವಾ?" ಎಂದ ಈರಣ್ಣ.

"ಇದು ಅದ ಗ್ರೌಂಡ ಹೌದಲ್ಲೊ?"

"ನನ್ನ ಮಾರಿನ ಕಾಣವಲ್ದು ಅಂತಿದ್ದಿ. ಗ್ರೌಂಡ ಹೆಂಗ ಕಂಡ್ತು ನಿನಗ?"

ಕಾಣುವುದೇನು ಬಂತು. ಮೊಮ್ಮಗಳು ಇಲ್ಲಿ ಆಡಿದ ವರ್ಷ, ಎಳ್ಳ ಅಮಾವಾಸ್ಯೆಯ ದಿನ ಈ ಗ್ರೌಂಡಿನ ಅಂಚಿನಲ್ಲಿ ಬೆಳಗಿನಿಂದ ಸಂಜೆಯ ತನಕ ಕೂತಿದ್ದವಳು ನಾನು. ಕಣ್ಣು ಕಟ್ಟಿ ಬಿಟ್ಟರೂ ಗುರುತು ಹಿಡಿಯುತ್ತೇನೆ.

ನಾವು ಇಳಕಲ್ಲಿನವರು. ಮನೆಯಲ್ಲಿ ಕುಣಿ ಮಗ್ಗ ಇದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಮಗ ಸೀರೆ ನೇಯುತ್ತಾನೆ, ನಾನು ಅವನಿಗೆ ಕೈಜೋಡಿಸುತ್ತೇನೆ. ರೇಣುಕಾ ಅವನ ಮಗಳು, ನನ್ನ ಒಬ್ಬಳೇ ಮೊಮ್ಮಗಳು. ಹುಟ್ಟಿದಾಗ ಗೇಣುದ್ದ ಇದ್ದಳು, ಆಮೇಲೂ ಬಹಳ ಬೆಳೆಯಲಿಲ್ಲ. ಅಂಥ ಹುಡುಗಿ ಕಾಲೇಜಿಗೆ ಹೋದದ್ದೇ ವಾಲಿಬಾಲ್ ಹಿಡಿದಳು. ತನ್ನ ತಲೆಯ ಮೇಲೆ ಮತ್ತೊಂದು ರೇಣುಕಾ ನಿಂತರೂ ಎಟುಕದಷ್ಟು ಎತ್ತರಕ್ಕೆ ನೆಟ್ ಕಟ್ಟಿರುತ್ತಾರೆ ಎಂದು ನನಗೆ ಅನ್ನಿಸುತ್ತಿತ್ತು. ಅಂಥ ಆಟದಲ್ಲಿ ಇವಳಿಗೆ ಏನು ಕೆಲಸ ಅಂತ ಓಣಿಯವರೆಲ್ಲ ನಕ್ಕಿದ್ದರು. ಖರೆ ಹೇಳಬೇಕೆಂದರೆ ನಾನೂ ನಕ್ಕಿದ್ದೆ.

ಅದು ಅವಳ ಡಿಗ್ರಿಯ ಕೊನೆಯ ವರ್ಷ. ಹಿಂದಿನ ಎರಡೂ ವರ್ಷ ಯೂನಿವರ್ಸಿಟಿ ಟೀಮಿಗೆ ಆರಿಸುವವರು ಬಂದು ನೋಡಿ, "ಕೈ ಚಲೋ ಐತಿ, ಎತ್ತರ ಇಲ್ಲ" ಎಂದು ಬಿಟ್ಟು ಹೋಗಿದ್ದರು. ಎರಡು ಸಲವೂ ಹುಡುಗಿ ಮನೆಗೆ ಬಂದು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದಳು. ಈ ವರ್ಷ ಆದರೆ ಆಯಿತು, ಇಲ್ಲದಿದ್ದರೆ ಮುಂದೆ ಇಲ್ಲ. ಅದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆ ಸಲ ಹಿಂಗಾರಿ ಮಳೆ ಹದವಾಗಿ ಬಿದ್ದು, ದೀಪಾವಳಿ ಮುಗಿಯುತ್ತಲೇ ಥಂಡಿ ಶುರುವಾಗಿತ್ತು. ಹುನಗುಂದದ ದಾರಿಯ ಎರಡೂ ಕಡೆ ಬಿಳಿಜೋಳ ಮೊಣಕಾಲ ಮಟ್ಟಕ್ಕೆ ಬಂದಿತ್ತು. ಹುನಗುಂದದಲ್ಲಿ ಮ್ಯಾಚ್ ಇದೆ, ಬಾ ಆಯಿ ಎಂದು ರೇಣುಕಾ ಜುಲುಮೆ ಮಾಡಿದ್ದಕ್ಕೆ ಹೋದೆ. ಅದೇ ನಾನು ನೋಡಿದ ಮೊದಲ ಮ್ಯಾಚ್.

ನೋಡಿದೆ, ಹೊಟ್ಟೆ ಉರಿದುಹೋಯಿತು. ನಮ್ಮ ಕಡೆ ಆರು ಹುಡುಗಿಯರು. ಆಚೆಯಿಂದ ಚೆಂಡು ಬರುತ್ತದೆ, ಒಬ್ಬಳು ತಡೆಯುತ್ತಾಳೆ. ನಮ್ಮವಳು ಗ್ರೌಂಡಿನ ಯಾವ ಮೂಲೆಯಿಂದಲಾದರೂ ಓಡಿ ಬಂದು ಆ ಚೆಂಡಿನ ಕೆಳಗೆ ನಿಂತು, ಹತ್ತೂ ಬೆರಳಲ್ಲಿ ಹೂವಿನಂತೆ ಮೇಲಕ್ಕೆ ಎತ್ತಿಕೊಡುತ್ತಾಳೆ. ಆಗ ಶಬಾನಾ ಅನ್ನುವ ಉದ್ದನೆಯ ಹುಡುಗಿ ಹಾರಿ ಬಂದು ಫಟಾರನೆ ಹೊಡೆಯುತ್ತಾಳೆ. ಮಂದಿ ಶಬಾನಾಗೆ ಚಪ್ಪಾಳೆ ಹಾಕುತ್ತಾರೆ. ಮತ್ತೆ ಚೆಂಡು, ಮತ್ತೆ ನಮ್ಮವಳ ಓಟ, ಮತ್ತೆ ಶಬಾನಾಗೆ ಚಪ್ಪಾಳೆ. ಇಡೀ ಮ್ಯಾಚಿನಲ್ಲಿ ನಮ್ಮ ಹುಡುಗಿ ಒಂದೇ ಒಂದು ಹೊಡೆಯಲಿಲ್ಲ.

ಮ್ಯಾಚ್ ಗೆದ್ದರು. ಎಲ್ಲರೂ ಕುಣಿಯುತ್ತಿದ್ದಾಗ ನಾನು ಸೀದಾ ಅವರ ಆಟದ ಮೇಡಂ ಹತ್ತಿರ ಹೋದೆ. ಹಿರೇಮಠ ಮೇಡಂ ಎಂದು, ಕೊರಳಲ್ಲಿ ಸೀಟಿ ಹಾಕಿಕೊಂಡ ಗಟ್ಟಿ ಹೆಣ್ಣುಮಗಳು.

"ಮೇಡಂ ಅವರ, ನಮ್ಮ ಹುಡುಗಿ ಏನರೆ ತಪ್ಪು ಮಾಡ್ಯಾಳೇನ್ರಿ?"

"ಇಲ್ಲಲ್ರಿ ಆಯಿ. ಯಾಕ್ರಿ?"

"ಮತ್ತ ಅಕಿ ಕಡೆ ಬರೇ ಆಳಿನ ಕೆಲಸ ಮಾಡಸ್ತೀರಲ್ಲ. ಓಡೋದು ಇಕಿ, ಬೀಳೋದು ಇಕಿ, ಹೊಡಿಯೋದು ಮಾತ್ರ ಅಕಿ. ಗಿಡ್ಡಿ ಅದಾಳಂತ ಹಿಂಗ ಮಾಡ್ತೀರೇನು?"

ಹಿಂದೆ ನಿಂತಿದ್ದ ರೇಣುಕಾ "ಆಯಿ, ಬಾಯಿ ಮುಚ್ಚ" ಎಂದು ನನ್ನ ಸೆರಗು ಜಗ್ಗುತ್ತಿದ್ದಳು. ಮೇಡಂ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. "ನಾಳೆ ಸಂಜೀಕ ಕಾಲೇಜ ಗ್ರೌಂಡಿಗೆ ಬರ್ರಿ. ಚೆಂಡು ನೋಡಬ್ಯಾಡ್ರಿ. ನಿಮ್ಮ ಮೊಮ್ಮಗಳ ಕಣ್ಣು ನೋಡ್ರಿ" ಎಂದರು, ಅಷ್ಟೇ.

ಹೋದೆ. ಕಣ್ಣು ನೋಡಿದೆ. ಚೆಂಡು ಅವಳ ಕೈಗೆ ಬರುವ ಮೊದಲೇ ಆ ಕಣ್ಣು ನೆಟ್ಟಿನ ಆಚೆ ಒಂದು ಸುತ್ತು ಹಾಕಿ ಬಂದಿರುತ್ತಿತ್ತು. ಯಾರು ಎಲ್ಲಿ ನಿಂತಿದ್ದಾರೆ, ಯಾವ ಮೂಲೆ ಖಾಲಿ ಇದೆ, ತಮ್ಮವರಲ್ಲಿ ಯಾರ ಕಾಲಿಗೆ ದಣಿವಾಗಿದೆ, ಎಲ್ಲವನ್ನೂ ನೋಡಿ ಮುಗಿಸಿ, ಬಲಕ್ಕೆ ನೋಡುತ್ತ ಎಡಕ್ಕೆ ಎತ್ತಿಕೊಡುತ್ತಿದ್ದಳು. ಒಮ್ಮೊಮ್ಮೆ ನೋಡದೆಯೇ ಬೆನ್ನ ಹಿಂದೆ ಕೊಡುತ್ತಿದ್ದಳು. ಅಲ್ಲಿ ಹೊಡೆಯುವವಳು ಆಗಲೇ ಹಾರಿರುತ್ತಿದ್ದಳು. ಇಂಥವಳಿಗೆ ಲಿಫ್ಟರ್ ಅನ್ನುತ್ತಾರಂತೆ. ಆರು ಮಂದಿಯಲ್ಲಿ ಒಬ್ಬಳೇ ಇರುತ್ತಾಳೆ. ಯಾರು ಹೊಡೆಯಬೇಕು ಅನ್ನುವುದು ಪ್ರತಿ ಸಲ ಅವಳ ಬೆರಳ ತುದಿಯಲ್ಲೇ ತೀರ್ಮಾನವಾಗುತ್ತದೆ.

ಆ ರಾತ್ರಿ ಊಟಕ್ಕೆ ಮೊದಲು ಮನೆಯಲ್ಲಿ ಕೊಂಡಿ ಹಾಕುವ ಕೆಲಸವಿತ್ತು. ನಮ್ಮ ಇಳಕಲ್ ಸೀರೆಗೆ ಒಡಲಿನ ನೂಲು ಬೇರೆ, ಸೆರಗಿನ ನೂಲು ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಒಂದರೊಳಗೊಂದು ಸಿಕ್ಕಿಸಿ ಕೂಡಿಸಬೇಕು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಒಬ್ಬರು ಎಳೆ ಆರಿಸಿ ಕೊಡಬೇಕು, ಇನ್ನೊಬ್ಬರು ಕೊಂಡಿ ಹಾಕಬೇಕು. ಮದುವೆಯಾಗಿ ಬಂದಾಗಿನಿಂದ ಗಂಡನಿಗೆ, ಆಮೇಲೆ ಮಗನಿಗೆ ಎಳೆ ಕೊಡುತ್ತ ಬಂದವಳು ನಾನು. ಅವತ್ತು ನನ್ನ ಪಕ್ಕ ಬಂದು ಕೂತ ರೇಣುಕಾ ಕೇಳಿದಳು:

"ಆಯಿ, ನೀ ಎಳಿ ತಪ್ಪಿ ಕೊಟ್ರ ಅಪ್ಪ ಏನ ಮಾಡ್ತಾನ?"

"ಬೈತಾನ."

"ಸರಿ ಕೊಟ್ರ?"

"ಸುಮ್ಮನಿರ್ತಾನ."

"ನಂದೂ ಅಷ್ಟ ನೋಡು" ಎಂದಳು.

ಈರಣ್ಣ ತಲೆ ಎತ್ತದೆ, "ಇಬ್ಬರೂ ಮಾತು ಸಾಕು ಮಾಡ್ರಿ, ಎಳಿ ಕೊಡ್ರಿ" ಎಂದ. ನಾವಿಬ್ಬರೂ ನಗಲು ಶುರು ಮಾಡಿದವರು, ಅವನು ಬೈದಷ್ಟೂ ಜಾಸ್ತಿ ನಕ್ಕೆವು.

ಅಲ್ಲಿಂದ ಮುಂದೆ ನಾನು ಒಂದು ಮ್ಯಾಚೂ ಬಿಡಲಿಲ್ಲ. ಬಾದಾಮಿಯಲ್ಲಿ ಸೆಮಿಫೈನಲ್ ಆಯಿತು. ಕೆಂಪು ಗುಡ್ಡದ ಕಡೆಯಿಂದ ಗಾಳಿ ಎಂದರೆ ಗಾಳಿ. ಎತ್ತಿದ ಚೆಂಡು ಗಾಳಿಪಟದಂತೆ ಎಲ್ಲೆಲ್ಲೋ ಹೋಗುತ್ತಿತ್ತು. ಆಚೆ ಟೀಮಿನವರು ಒದ್ದಾಡಿದರು. ನಮ್ಮವಳು ಎರಡು ಚೆಂಡು ಕೆಡಿಸಿದಳು, ಮೂರನೆಯದರಿಂದ ತಗ್ಗಾಗಿ, ಗಾಳಿಗೆ ಸಿಗದ ಹಾಗೆ ಕೊಡತೊಡಗಿದಳು. ಇದರ ನಡುವೆ ಮಂಗಗಳು ಬಂದು ಟೀಮಿನ ಚೀಲದಿಂದ ಬಾಳೆಹಣ್ಣಿನ ಗೊನೆಯನ್ನೇ ಎತ್ತಿಕೊಂಡು ಹೋದವು. ಶಬಾನಾ ಆಟ ಬಿಟ್ಟು ಮಂಗನ ಹಿಂದೆ ಓಡಲು ಹೊರಟಾಗ, "ಏ ಶಬ್ಬೂ, ಬಾಳೆಹಣ್ಣು ಗೆದ್ದಮ್ಯಾಲ ತಿನ್ನೂಣು, ಬಾ" ಎಂದು ರೇಣುಕಾ ಅವಳ ಜಡೆ ಹಿಡಿದು ಎಳೆದು ತಂದಳು. ಗೆದ್ದರು. ಬಾಳೆಹಣ್ಣನ್ನು ಮಂಗಗಳೇ ತಿಂದಿದ್ದವು.

ಫೈನಲ್ ಬಾಗಲಕೋಟೆಯಲ್ಲಿ, ಎಳ್ಳ ಅಮಾವಾಸ್ಯೆಯ ದಿನವೇ ಬಂತು. ಅಲ್ಲಿಯ ಕಾಲೇಜಿನ ಟೀಮೇ ಎದುರು. ಅವರ ಲಿಫ್ಟರ್ ನೆಟ್ಟಿನ ಮೇಲೆ ಮುಂಗೈ ಇಡುವಷ್ಟು ಎತ್ತರದ ಹುಡುಗಿ. ಹಿಂದಿನ ವರ್ಷ ಯೂನಿವರ್ಸಿಟಿ ಟೀಮಿನಲ್ಲಿ ಆಡಿದ್ದವಳು ಅವಳೇ. ಲಿಫ್ಟರ್ ಜಾಗ ಒಂದೇ ಖಾಲಿ, ಆರಿಸುವವರು ಫೈನಲ್ ನೋಡಿ ಅವತ್ತೇ ಹೆಸರು ಹೇಳುತ್ತಾರೆ ಎಂದು ಮೇಡಂ ಹೇಳಿದ್ದರು. 

ನೇಕಾರರು ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲ ಇದ್ದವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯೆಂದು ಬೆಳೆಯ ಮೇಲೆ ಚರಗ ಚೆಲ್ಲಿ, ಅಲ್ಲೇ ಉಣ್ಣುತ್ತಾರೆ. ನಮ್ಮಂಥ ಹೊಲವಿಲ್ಲದವರು ಯಾರಾದರೂ ಕರೆದ ಕಡೆ ಹೋಗುತ್ತೇವೆ. ಆ ವರ್ಷ ನಮ್ಮ ಓಣಿಯ ಹಿರಿಯ, ನನಗೆ ಮೈದುನನ ಸಮಾನ ಮಲ್ಲೇಶಪ್ಪ ಎದ್ದು ಹೇಳಿದ: "ವೈನಿ, ಈ ಸಲ ಎಲ್ಲಾರೂ ರೇಣಿ ಹೊಲಕ್ಕ ಹೋಗೂಣು. ಅಕಿ ಹೊಲ ಬಾಗಲಕೋಟ್ಯಾಗ ಐತಿ."

ಎರಡು ಕ್ರೂಸರ್ ಗಾಡಿ ತುಂಬಿ ಓಣಿಗೆ ಓಣಿಯೇ ಹೊರಟಿತು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕಾಳಪಲ್ಯ, ಶೇಂಗಾ ಹೋಳಿಗೆ, ಗಡಿಗೆ ಮೊಸರು. ಗ್ರೌಂಡಿನ ಅಂಚಿಗೆ ಚಾದರ ಹಾಸಿ, ಬುತ್ತಿಯ ಗಂಟುಗಳನ್ನು ನಡುವೆ ಇಟ್ಟು, ಹೆಣ್ಣುಮಕ್ಕಳೆಲ್ಲ ಹೊಸ ಸೀರೆಯಲ್ಲಿ ಕೂತರು. ಬಾಗಲಕೋಟೆಯ ಕಾಲೇಜು ಹುಡುಗರು ನಮ್ಮನ್ನು ನೋಡಿ, "ಇವ್ರು ಮ್ಯಾಚ್ ನೋಡಾಕ ಬಂದಾರೋ ಮದಿವಿ ನಿಬ್ಬಣ ಬಂದಾರೋ" ಎಂದರು. ಮ್ಯಾಚ್ ಶುರುವಾದದ್ದೇ ಅವರಲ್ಲೊಬ್ಬ ರೇಣುಕಾಳನ್ನು ನೋಡಿ ಕೂಗಿದ:

"ಏ ಇಳಕಲ್ಲ, ಮಗ್ಗದ ಕುಣಿಯಾಗ ನಿಂತಿಯೇನ? ಮ್ಯಾಲ ಹತ್ತಿ ಬಾ."

ಮಲ್ಲೇಶಪ್ಪ ಕೂತಲ್ಲಿಂದಲೇ, "ಕುಣಿಯಾಗ ಕುಂತವ್ರು ನೇದ ಸೀರಿ ಉಟ್ಟ ನಿಮ್ಮವ್ವ ಮದಿವಿ ಆಗ್ಯಾಳ ತಮ್ಮಾ. ಮನಿಗೆ ಹೋಗಿ ಕೇಳು" ಎಂದ. ಆ ಹುಡುಗನ ಗೆಳೆಯರೇ ಮೊದಲು ನಕ್ಕರು.

ಆದರೆ ನಮ್ಮವರು ಮಾಡಿದ ಅವಾಂತರ ಬೇರೆಯೇ. ನಾನು ಹುನಗುಂದದಲ್ಲಿ ಹೇಗೆ ಉರಿದುಕೊಂಡಿದ್ದೆನೋ, ಇಡೀ ಓಣಿ ಹಾಗೇ ಉರಿದುಕೊಂಡಿತು. "ರೇಣಿ, ನೀನ ಹೊಡಿ", "ಅಕೀಗ್ಯಾಕ ಕೊಡ್ತಿ, ನಿನ್ನ ಕೈಗೇನಾಗೇತಿ" ಎಂದು ನಾಲ್ಕೂ ಕಡೆಯಿಂದ ಕೂಗತೊಡಗಿದರು. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಮಂದಿ. ಅವರ ದನಿ ಕೇಳಿ ಹುಡುಗಿ ಕಂಗೆಟ್ಟಳು. ಕಣ್ಣು ನೆಟ್ಟಿನಾಚೆ ಹೋಗುವ ಬದಲು ನಮ್ಮ ಕಡೆ ಬರತೊಡಗಿತು. ಒಮ್ಮೆ ತಾನೇ ಹೊಡೆಯಲು ಹೋಗಿ ಚೆಂಡನ್ನು ಆ ಎತ್ತರದ ಹುಡುಗಿಯ ಅಂಗೈಗೇ ಬಡಿದಳು. ಅದರ ಮೇಲೆ ನಮ್ಮದೇ ಟೀಮಿನ ಕವಿತಾ ಎಂಬುವಳು, ರಾಮಥಾಳದ ರೈತರ ಮಗಳು, ಉದ್ದ ಕೈಯ ಹುಡುಗಿ, ಹೊಡೆದದ್ದೆಲ್ಲ ನೆಟ್ಟಿಗೇ ಹೊಡೆದಳು. ಮೊದಲ ಸೆಟ್ ಹೋಯಿತು. ಶಾಮಿಯಾನದ ಕೆಳಗೆ ಆರಿಸುವವರು ಒಬ್ಬರ ಕಿವಿಯಲ್ಲೊಬ್ಬರು ಏನೋ ಮಾತಾಡಿದರು. ಬಿಳಿ ಟೊಪ್ಪಿಗೆಯ ಹಿರಿಯರು ಆ ಎತ್ತರದ ಹುಡುಗಿಯ ಕಡೆ ಬೆರಳು ತೋರಿಸಿದ್ದನ್ನು ನಾನೇ ಕಂಡೆ.

ಎದ್ದು ನಿಂತೆ. ನನಗೆ ಭಾಷಣ ಬರುವುದಿಲ್ಲ.

"ಏ ಮಲ್ಲೇಶಪ್ಪ, ನಿಮ್ಮ ಮನ್ಯಾಗ ಕೊಂಡಿ ಹಾಕೋವಾಗ ಎಳಿ ಕೊಡಾಕಿ ಯಾರು?"

"ನಮ್ಮಾಕಿ. ಯಾಕ ವೈನಿ?"

"ಅಕಿ ಎಳಿ ಕೊಡೋದ ಬಿಟ್ಟು, ನಾನ ಕೊಂಡಿ ಹಾಕ್ತೇನಿ ಅಂತ ಕುಂತ್ರ ಸೆರಗು ಆಗ್ತದೇನು?"

"ಸೆರಗು ಆಗಂಗಿಲ್ಲ. ಜಗಳ ಆಗ್ತದ."

"ಮತ್ತ ಈಗ ಜಗಳ ಹಚ್ಚಾಕ ಹತ್ತೀರಿ ನೀವು. ಅಕಿ ಎಳಿ ಕೊಡಾಕಿ. ಅಕಿ ಕೊಟ್ರನ ಉಳದವ್ರು ಹೊಡಿಯೋದು. ಕೊಡಾಕ ಬಿಡ್ರಿ."

ಗಂಡಸರು ಮುಖ ಮುಖ ನೋಡಿಕೊಂಡರು. ಹೆಣ್ಣುಮಕ್ಕಳಿಗೆ ತಟ್ಟನೆ ತಿಳಿಯಿತು. ಇಡೀ ಜನ್ಮ ಎಳೆ ಕೊಟ್ಟವರು ಅವರೇ ಅಲ್ಲವೇ. ಮಲ್ಲೇಶಪ್ಪನ ಹೆಂಡತಿ ನೀಲವ್ವ ಮೊಣಕಾಲ ಮೇಲೆ ಎದ್ದು ಕೂತಳು. ಎರಡನೆಯ ಸೆಟ್ಟಿನಲ್ಲಿ ರೇಣುಕಾ ಮೊದಲ ಚೆಂಡು ಎತ್ತಿದಾಗ ನೀಲವ್ವ "ಕೊಟ್ಲು" ಎಂದಳು. ಮುಂದಿನದಕ್ಕೆ ನಾಲ್ಕು ಮಂದಿ "ಕೊಟ್ಲು" ಎಂದರು. ಆಮೇಲೆ ಹೆಣ್ಣುಮಕ್ಕಳೆಲ್ಲ ಒಂದೇ ದನಿಯಲ್ಲಿ "ಕೊಟ್ಲು", ಬೆನ್ನಿಗೇ ಗಂಡಸರು "ಹೊಡದ್ಲು". ಕೊಟ್ಲು, ಹೊಡದ್ಲು. ಮಗ್ಗದ ಬಡಿತದ ಹಾಗೆ ಒಂದು ಲಯ ಹಿಡಿದುಬಿಟ್ಟಿತು. ರೇಣುಕಾ ಒಮ್ಮೆ ನಮ್ಮ ಕಡೆ ತಿರುಗಿ ಹಲ್ಲು ತೋರಿಸಿದಳು. ಆಮೇಲೆ ತಿರುಗಲಿಲ್ಲ. ಆ ಕಣ್ಣು ಮತ್ತೆ ನೆಟ್ಟಿನಾಚೆ ಹೋಯಿತು. ಏನು ಆಡಿದಳು ಎಂದು ಹೇಗೆ ಹೇಳಲಿ. ಎದುರಿನವರು ಎಡಕ್ಕೆ ಓಡಿದರೆ ಚೆಂಡು ಬಲಕ್ಕೆ, ಬಲಕ್ಕೆ ಓಡಿದರೆ ನಡುವಿಗೆ. ಕೆಳಗೆ ಬಿದ್ದು, ಮೊಣಕೈ ತರಚಿಕೊಂಡು, ಕೂತಲ್ಲಿಂದಲೇ ಎತ್ತಿಕೊಟ್ಟಳು. ಆ ಸೆಟ್ ನಮ್ಮದಾಯಿತು.

ಕೊನೆಯ ಸೆಟ್. ನಮಗೆ ಇನ್ನೊಂದೇ ಪಾಯಿಂಟ್ ಬೇಕು, ಅವರು ಬೆನ್ನಿಗೇ ಇದ್ದಾರೆ. ಆಚೆಯಿಂದ ಬಿರುಸಾದ ಚೆಂಡು ಬಂತು. ನಮ್ಮವಳೊಬ್ಬಳು ತಡೆದದ್ದು ನೆಟ್ಟಿನಿಂದ ದೂರ, ಗ್ರೌಂಡಿನ ನಡುವಿಗೆ ಹೋಯಿತು. ರೇಣುಕಾ ಅದರ ಹಿಂದೆ ಓಡಿದಳು. ಶಬಾನಾ ಕೈ ಎತ್ತಿ ಚೆಂಡು ಬೇಡುತ್ತಿದ್ದಳು. ಎದುರಿನ ಎತ್ತರದವರೆಲ್ಲ ಶಬಾನಾ ಮುಂದೆ ಗೋಡೆ ಕಟ್ಟಿ ನಿಂತರು. ನಮ್ಮವಳು ಶಬಾನಾಳನ್ನೇ ನೋಡುತ್ತ, ಚೆಂಡನ್ನು ತಲೆಯ ಮೇಲಿಂದ ಹಿಂದಕ್ಕೆ ಕೊಟ್ಟಳು. ಹಿಂದೆ ಇದ್ದವಳು ಕವಿತಾ. ಬೆಳಗಿನಿಂದ ನೆಟ್ಟಿಗೆ ಹೊಡೆದ ಅದೇ ಕವಿತಾ.

"ಕೊಟ್ಲು" ಎಂದು ನೀಲವ್ವ ಒಬ್ಬಳೇ ಕೂಗಿದಳು. ಕವಿತಾ ಹಾರಿದಳು. ಅವಳ ಮುಂದೆ ಯಾರೂ ಇರಲಿಲ್ಲ. ಚೆಂಡು ಆಚೆಯ ಮೂಲೆಯ ಗೆರೆಯ ಮೇಲೆ ಬಿದ್ದು ಸುಣ್ಣ ಬೆಳ್ಳಗೆ ಹಾರಿತು.

ಆಮೇಲಿನ ಗದ್ದಲವನ್ನು ಬರೆಯಲು ನನ್ನಿಂದಾಗದು. ಈರಣ್ಣ, ಮನೆಯಲ್ಲಿ ಹಬ್ಬಕ್ಕೂ ನಗದ ನನ್ನ ಮಗ, ಮೊಸರಿನ ಗಡಿಗೆ ಹಿಡಿದುಕೊಂಡೇ ಕುಣಿಯುತ್ತಿದ್ದ. ಅರ್ಧ ಮೊಸರು ಮಲ್ಲೇಶಪ್ಪನ ತಲೆಯ ಮೇಲಿತ್ತು.

ಆದರೆ ಹೆಸರು ಇನ್ನೂ ಹೇಳಿರಲಿಲ್ಲ. ಬಿಳಿ ಟೊಪ್ಪಿಗೆಯವರು ರೇಣುಕಾಳನ್ನು ಕರೆದರು. ನಾನು ಬೆನ್ನಿಗೇ ಹೋದೆ, ಯಾರೂ ಬೇಡ ಅನ್ನಲಿಲ್ಲ.

"ಇಡೀ ದಿನ ನೆಟ್ಟಿಗೆ ಹೊಡದಾಕಿಗೆ ಕಡೀ ಚೆಂಡು ಯಾಕ ಕೊಟ್ಟಿ?"

"ಅಕಿ ತಪ್ಪಿರಲಿಲ್ರಿ ಸರ್. ನಾ ತಗ್ಗ ಕೊಡಾಕ ಹತ್ತಿದ್ನಿ. ಬಾದಾಮ್ಯಾಗ ಗಾಳಿಗಂತ ರೂಢಿ ಆಗಿತ್ತು, ಇಲ್ಲೆ ಗಾಳಿ ಇಲ್ಲ. ಕಡೀದು ಎತ್ತರ ಕೊಟ್ನಿ."

ಅವರು ಅವಳನ್ನು ಕಾಲಿನಿಂದ ತಲೆಯ ತನಕ ನೋಡಿದರು. ಆಮೇಲೆ, "ನಿನ್ನ ಎತ್ತರ ಎಷ್ಟು?" ಎಂದರು.

ಮತ್ತೆ ಅದೇ ಮಾತು. ರೇಣುಕಾ ಮೊಣಕೈಯ ಮಣ್ಣು ಒರೆಸಿಕೊಳ್ಳುತ್ತ, "ಹೋದ ವರ್ಷ ಇದ್ದಷ್ಟ ಐತ್ರಿ ಸರ್" ಎಂದಳು.

ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು ನಕ್ಕರು. ಪಕ್ಕದವರೂ ನಕ್ಕರು. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಹೆಸರು ಓದಿದರು. ಹೊಡೆಯುವವರ ಹೆಸರು ಮೊದಲು, ಶಬಾನಾಳದೂ ಬಂತು. ಲಿಫ್ಟರ್ ಎಂದು ಹೇಳಿ ಉಸಿರು ತೆಗೆದುಕೊಂಡರು. ರೇಣುಕಾ ಈರಣ್ಣ, ಇಳಕಲ್.

ಅವಳು ನಮ್ಮ ಕಡೆ ಓಡಿ ಬರುತ್ತಾಳೆ ಎಂದು ಕೈ ಚಾಚಿ ನಿಂತಿದ್ದೆ. ಅವಳು ಓಡಿದ್ದು ಕವಿತಾಳ ಕಡೆ. ತನಗಿಂತ ಒಂದು ಗೇಣು ಎತ್ತರದ ಆ ಹುಡುಗಿಯನ್ನು ಸೊಂಟ ಹಿಡಿದು ಎತ್ತಿಬಿಟ್ಟಳು. ಸೋತ ಟೀಮಿನ ಎತ್ತರದ ಲಿಫ್ಟರ್ ತಾನೇ ಬಂದು ಇವಳ ಕೈ ಹಿಡಿದು, "ನೀ ಯಾ ಕಡೆ ಕೊಡ್ತಿ ಅಂತ ಕಡೀತನಕ ತಿಳೀಲಿಲ್ಲ ನೋಡವಾ" ಎಂದಳು. ಕಣ್ಣಲ್ಲಿ ನೀರಿತ್ತು. ನೀಲವ್ವ ಅವಳನ್ನೂ ಎಳೆದು ಕೂರಿಸಿ ಕೈಯಲ್ಲಿ ಹೋಳಿಗೆ ಇಟ್ಟಳು. ಎರಡೂ ಟೀಮು, ಆರಿಸುವವರು, ಕುಣಿಯ ಮಾತಾಡಿದ ಆ ಹುಡುಗ, ಎಲ್ಲರೂ ನಮ್ಮ ಚಾದರದ ಮೇಲೆ ಕೂತು ಎಳ್ಳ ಅಮಾವಾಸ್ಯೆ ಉಂಡರು.

ಆಮೇಲೆ ಅವಳು ಯೂನಿವರ್ಸಿಟಿಗೆ ಆಡಿದಳು, ಮುಂದೆ ಓದುತ್ತ ಅದರ ಕ್ಯಾಪ್ಟನ್ ಆದಳು. ನಾನು ಹೆಸರು ಕೇಳದ ಊರುಗಳಿಂದ ಕಪ್ ಗೆದ್ದು ತಂದಳು. ಈಗ ಬಾದಾಮಿಯ ಒಂದು ಕಾಲೇಜಿನಲ್ಲಿ ಆಟ ಕಲಿಸುತ್ತಾಳೆ. ಸೀಟಿ ಅವಳ ಕೊರಳಲ್ಲೂ ಇದೆ.

ನಮ್ಮ ಓಣಿಯಲ್ಲಿ ಈಗ ಎರಡು ಕಂಬ ನೆಟ್ಟು ನೆಟ್ ಕಟ್ಟಿದ್ದಾರೆ. ಸಂಜೆಯಾದರೆ ಹುಡುಗಿಯರ ಗಲಾಟೆ. ಬೇರೆ ಊರಲ್ಲಿ ಹೊಡೆಯಲು ಜಗಳ, ಇಲ್ಲಿ ಎತ್ತಿಕೊಡಲು ಜಗಳ. ಎಲ್ಲರಿಗೂ ಲಿಫ್ಟರೇ ಆಗಬೇಕು. ಮೊನ್ನೆಯೂ ಹಾಗೇ ಕಿತ್ತಾಡುತ್ತಿದ್ದರು. ನಾನು ಕೆಲಸ ಬಿಟ್ಟು ಹೊರಗೆ ಬಂದು, "ಎಲ್ಲಾರೂ ಎತ್ತಿ ಕೊಟ್ರ ಹೊಡಿಯಾಕಿ ಯಾರ್ರೆ?" ಎಂದು ಗದರಿಸಿದೆ.

ನೀಲವ್ವನ ಮೊಮ್ಮಗಳು, ನೆಟ್ಟಿನ ಅರ್ಧಕ್ಕೂ ಬಾರದವಳು, ಚೆಂಡು ಎತ್ತಿ ಹಿಡಿದು ಕೇಳಿದಳು: "ನೀನ ಯಾಕ ಹೊಡಿಬಾರ್ದು, ಆಯಿ?"

ಸೆರಗು ಸಿಕ್ಕಿಸಿದೆ. ಅವಳು ಚಂದಾಗಿ ಎತ್ತಿಕೊಟ್ಟಳು. ಹೊಡೆದೆ. ಚೆಂಡು ಮಲ್ಲೇಶಪ್ಪನ ಮಾಳಿಗೆಯ ಮೇಲೆ ಹೋಗಿ ಬಿತ್ತು.